ಅಣ್ಣನಿಗೆ ಸಿಕ್ಕ ಸೀಟು ತಂಗಿಗೆ ಯಾಕೆ ಸಿಗಲಿಲ್ಲ? ಕಿರುಗಾವಲಿನ ಒಂದು ಮನೆಯಿಂದ ಆರ್‌ಟಿಇ ಲೆಕ್ಕ

(ಈ ವಾರದ ಸಂಚಿಕೆಯ ಪಠ್ಯರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಈ ಸಲ ನಾನು ಊರಲ್ಲಿದ್ದೀನಿ. ಹಿಂದೆ ಕೋಳಿ ಕೂಗೋದು ಕೇಳಿಸಿದ್ರೆ ಕ್ಷಮಿಸಿ, ಅದು ಎಡಿಟಿಂಗ್‌ನಲ್ಲಿ ಹೋಗಲಿಲ್ಲ.

ಊರು ಅಂದ್ರೆ ಕಿರುಗಾವಲು. ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮೈಸೂರಿಂದ ಬನ್ನೂರು ಮೇಲೆ ಮಳವಳ್ಳಿಗೆ ಹೋಗೋ ಬಸ್ಸಲ್ಲಿ ಕೂತವರು ನೋಡಿರ್ತೀರಿ. ಸೈಯದ್ ಘನಿ ಖಾನ್ ಅವರ ಭತ್ತದ ತಳಿಗಳ ಸಂಗ್ರಹ, ಮಾವಿನ ತೋಟದ ಬಗ್ಗೆ ವಿಡಿಯೊ ನೋಡಿದವರಿಗೂ ಹೆಸರು ಗೊತ್ತಿರುತ್ತೆ. ಇವತ್ತು ಭತ್ತದ ವಿಷಯ ಅಲ್ಲ, ಶಾಲೆ ವಿಷಯ.

ಹೋದ ವಾರ ನಮ್ಮಕ್ಕ ಒಂದು ನೋಟ್‌ಬುಕ್ ತಂದು ಮುಂದೆ ಇಟ್ಟಳು. "ನೀನು ಬಿಕಾಂ ಓದಿದ್ದೀಯಲ್ಲ, ಇದನ್ನ ಕೂಡ್ಸಿ ಹೇಳು" ಅಂದಳು. ಅದರಲ್ಲಿ ಎರಡು ಕಾಲಂ. ಒಂದು ಮಗನದು, ಒಂದು ಮಗಳದು. ಮಗ ಈಗ, ಅಂದ್ರೆ 2025-26ರಲ್ಲಿ, ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎಂಟನೇ ತರಗತಿ. ಮಗಳು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಮನೆ ಒಂದೇ, ಅಪ್ಪ ಅಮ್ಮ ಅವರೇ, ಜಮೀನೂ ಅಷ್ಟೇ. ಹೊರಗಿನವರು ನೋಡಿದ್ರೆ ಏನಂತಾರೆ? ಗಂಡು ಹುಡುಗನ್ನ ದುಡ್ಡು ಕೊಟ್ಟು ಓದಿಸ್ತಾರೆ, ಹೆಣ್ಣನ್ನ ಸರ್ಕಾರಿಗೆ ಹಾಕಿದ್ದಾರೆ ಅಂತಾರೆ. ನೆಂಟರು ಹಂಗೇ ಅಂದಿದ್ದಾರೆ ಕೂಡ, ಅಕ್ಕ ಒಂದು ಮದುವೆಮನೆಯಿಂದ ಅಳ್ತಾ ಬಂದಿದ್ದಳು.

ಆದರೆ ಮಗನಿಗೂ ಅವಳು ಫೀಸು ಕಟ್ಟಿಲ್ಲ. ಅವನು 2016-17ರಲ್ಲಿ ಎಲ್‌ಕೆಜಿಗೆ ಸೇರಿದ್ದು ಆರ್‌ಟಿಇ ಸೀಟಲ್ಲಿ. ಮಗಳು ಎಲ್‌ಕೆಜಿಗೆ ಬರೋ ಹೊತ್ತು 2019-20. ಅಷ್ಟರಲ್ಲಿ ನಿಯಮ ಬದಲಾಗಿತ್ತು, ಅದೇ ಊರಿನ ಅದೇ ಶಾಲೆ ಪಟ್ಟಿಯಲ್ಲೇ ಇರಲಿಲ್ಲ. ಅಕ್ಕ ಸೈಬರ್ ಸೆಂಟರಲ್ಲಿ ಕೂತು ಊರಿನ ಹೆಸರು ಹಾಕಿ ಹುಡುಕಿ ಹುಡುಕಿ, ಕಂಪ್ಯೂಟರ್ ಕೆಟ್ಟಿದೆ ಅಂತ ಜಗಳ ಆಡಿ ಬಂದಿದ್ದಳಂತೆ.

ಕೆಟ್ಟಿದ್ದು ಕಂಪ್ಯೂಟರ್ ಅಲ್ಲ. ಏನಾಯ್ತು ಅನ್ನೋದನ್ನ ಬಿಡಿಸಿ ನೋಡೋಣ.

ಮೊದಲು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ ಪಾಸಾಗಿದ್ದು 2009ರಲ್ಲಿ, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ. ಅದರೊಳಗೆ ಒಂದು ಚಿಕ್ಕ ಸೆಕ್ಷನ್ ಇದೆ, 12(1)(ಸಿ). ಅನುದಾನ ಪಡೆಯದ ಖಾಸಗಿ ಶಾಲೆಗಳು ಕೂಡ ತಮ್ಮ ಪ್ರವೇಶ ತರಗತಿಯಲ್ಲಿ, ಅಂದ್ರೆ ಎಲ್‌ಕೆಜಿ ಅಥವಾ ಒಂದನೇ ತರಗತಿಯಲ್ಲಿ, ಕನಿಷ್ಠ 25% ಸೀಟುಗಳನ್ನ ನೆರೆಹೊರೆಯ ಬಡ ಮತ್ತು ಹಿಂದುಳಿದ ವರ್ಗದ ಮಕ್ಕಳಿಗೆ ಕೊಡಬೇಕು. ಫೀಸು ಸರ್ಕಾರ ತುಂಬಿಕೊಡುತ್ತೆ. "ಆರ್‌ಟಿಇ ಸೀಟು" ಅಂತ ನಾವು ಅನ್ನೋದು ಇದನ್ನೇ. ಇಡೀ ಕಾಯ್ದೆ ಎಲ್ಲಾ ಮಕ್ಕಳದು, ಆದರೆ ಹಳ್ಳಿಯಲ್ಲಿ ಆರ್‌ಟಿಇ ಅಂದ್ರೆ ಕಾನ್ವೆಂಟ್ ಸೀಟು ಅಂತಲೇ ಅರ್ಥ ಆಗಿಬಿಟ್ಟಿದೆ.

ಖಾಸಗಿ ಶಾಲೆಗಳು ಸುಮ್ಮನೆ ಒಪ್ಪಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 2012ರ ಏಪ್ರಿಲ್ 12ರಂದು ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಕಾಯ್ದೆ ಸರಿ ಅಂದ್ರು. ಕರ್ನಾಟಕದಲ್ಲಿ ಆ ವರ್ಷದಿಂದಲೇ ಸೀಟು ಕೊಡೋದು ಶುರುವಾಯ್ತು. ಶುರುವಿನಲ್ಲೇ ಬೆಂಗಳೂರಿನ ಒಂದು ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನ ಗುರುತಿಸೋಕೆ ತಲೆಕೂದಲು ಕತ್ತರಿಸಿದ್ರು ಅನ್ನೋ ಆರೋಪ ಬಂದು ದೊಡ್ಡ ಗಲಾಟೆ ಆಗಿತ್ತು. ನಾನಾಗ ಹೈಸ್ಕೂಲು ಮುಗಿಸೋ ವಯಸ್ಸು. ಆ ಸುದ್ದಿ ಓದಿ ಅಪ್ಪ "ಅಲ್ಲಿಗೆ ಯಾಕ್ ಹೋಗ್ಬೇಕು ಬುಡು" ಅಂದಿದ್ದು ನೆನಪಿದೆ. ನಾಲ್ಕು ವರ್ಷ ಆದಮೇಲೆ ಅದೇ ಅಪ್ಪ ಮೊಮ್ಮಗನ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಮುಂದೆ ಕ್ಯೂ ನಿಂತಿದ್ರು.

ಈಗ ನನ್ನ ಇಷ್ಟದ ಭಾಗ, ದುಡ್ಡು. ಸರ್ಕಾರಿ ದುಡ್ಡು ಶಾಲೆಗೆ ಹೋಗೋಕೆ ನಮ್ಮಲ್ಲಿ ಮೂರು ಕಾಲುವೆ ಇವೆ ಅಂದುಕೊಳ್ಳಿ. ಮೊದಲನೆಯದು ಸರ್ಕಾರಿ ಶಾಲೆ. ಕಟ್ಟಡ, ಮೇಷ್ಟ್ರು, ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ, ಎಲ್ಲಾ ನೇರ ಖರ್ಚು. ಮಗು ಬರಲಿ ಬಿಡಲಿ, ಮೇಷ್ಟ್ರ ಸಂಬಳ ಹೋಗ್ತಾ ಇರುತ್ತೆ. ಎರಡನೆಯದು ಅನುದಾನಿತ ಶಾಲೆ. ಆಡಳಿತ ಮಂಡಳಿ ಖಾಸಗಿ, ಸಂಬಳ ಸರ್ಕಾರದ್ದು. ಇದು ಹೊಸದೇನಲ್ಲ. 1854ರ ವುಡ್ ವರದಿಯ ಕಾಲದಿಂದ ಬಂದ ಪದ್ಧತಿ. ನಮ್ಮ ಕಡೆ ಹೋಬಳಿ ಮಟ್ಟದಲ್ಲಿ ಎಷ್ಟೋ ಹೈಸ್ಕೂಲುಗಳು ಹೀಗೆ ಹುಟ್ಟಿದ್ದು: ಊರಿನ ನಾಲ್ಕು ಜನ ಸೇರಿ ಟ್ರಸ್ಟ್ ಮಾಡಿದ್ರು, ಜಾಗ ಕೊಟ್ರು, ಆಮೇಲೆ ಅನುದಾನ ಬಂತು. ಅದಕ್ಕೇ "ಖಾಸಗಿ ಶಾಲೆಗೆ ಸರ್ಕಾರಿ ದುಡ್ಡು ಯಾಕೆ" ಅಂತ ಯಾರಾದ್ರೂ ಕೇಳಿದ್ರೆ ನನಗೆ ನಗು ಬರುತ್ತೆ. ಹಾಗೆ ಕೇಳೋರ ಅಪ್ಪಂದಿರೇ ಎಷ್ಟೋ ಜನ ಅನುದಾನಿತ ಶಾಲೆಯಲ್ಲಿ ಓದಿರ್ತಾರೆ. ಈಗ ಹೊಸ ಅನುದಾನ ಸಿಗೋದು ಕಷ್ಟ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೂ ಕೊಡಿ ಅನ್ನೋ ಬೇಡಿಕೆ ವರ್ಷಾನುವರ್ಷ ಹಾಗೇ ಇದೆ.

ಮೂರನೆಯದು ಆರ್‌ಟಿಇ. ಇಲ್ಲಿ ದುಡ್ಡು ಮಗುವಿನ ಹಿಂದೆ ಹೋಗುತ್ತೆ. ಮಗು ಯಾವ ಶಾಲೆಗೆ ಹೋಗುತ್ತೋ ಆ ಶಾಲೆಗೆ. ಎಷ್ಟು? ಶಾಲೆಯ ನಿಜವಾದ ಫೀಸು ಮತ್ತು ಸರ್ಕಾರ ಒಂದು ಮಗುವಿಗೆ ಮಾಡೋ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕರ್ನಾಟಕದಲ್ಲಿ ಶುರುವಿನಲ್ಲಿ ಗರಿಷ್ಠ ಮಿತಿ ವರ್ಷಕ್ಕೆ 11,848 ರೂಪಾಯಿ, ಎಲ್‌ಕೆಜಿಗೆ ಅದರ ಅರ್ಧ, 5,924. ಆಮೇಲೆ ಅದು 16,000 ಮತ್ತು 8,000ಕ್ಕೆ ಏರಿತು. ಅಂದ್ರೆ ಹೊಸ ದರದಲ್ಲಿ ಲೆಕ್ಕ ಹಾಕಿದ್ರೂ ಒಂದನೇ ತರಗತಿಯಿಂದ ಎಂಟನೇ ತರಗತಿವರೆಗೆ ಒಂದು ಮಗುವಿಗೆ ಹೆಚ್ಚೆಂದರೆ 1,28,000 ರೂಪಾಯಿ. ಬೆಂಗಳೂರಲ್ಲಿ ಕೆಲವು ಶಾಲೆಗಳಲ್ಲಿ ಇದು ಒಂದು ವರ್ಷದ ಫೀಸಿಗೂ ಸಾಲಲ್ಲ. ಕಿರುಗಾವಲಿನಂಥ ಕಡೆ ಮಾತ್ರ ಈ ದುಡ್ಡು ಶಾಲೆಯವರಿಗೆ ಚೆನ್ನಾಗೇ ಹೊಂದುತ್ತೆ. ಹಾಗಾಗಿ ಹಳ್ಳಿ ಕಡೆ ಎಷ್ಟೋ ಸಣ್ಣ ಶಾಲೆಗಳಿಗೆ ಆರ್‌ಟಿಇ ಮಕ್ಕಳು ಹೊರೆ ಆಗಿರಲಿಲ್ಲ, ತಡವಾಗಿ ಬಂದ್ರೂ ಖಾತ್ರಿ ಇದ್ದ ಆದಾಯ ಆಗಿತ್ತು. ಇದನ್ನ ಯಾರೂ ವೇದಿಕೆ ಮೇಲೆ ಹೇಳಲ್ಲ.

ಇನ್ನು "ನೆರೆಹೊರೆ" ಅನ್ನೋ ಪದ. ಇಡೀ ಜಗಳ ಇರೋದು ಈ ಒಂದು ಪದದಲ್ಲಿ. ಕರ್ನಾಟಕದಲ್ಲಿ ಹಳ್ಳಿಯಾದ್ರೆ ಕಂದಾಯ ಗ್ರಾಮ, ಪಟ್ಟಣವಾದ್ರೆ ವಾರ್ಡ್, ಅದೇ ನೆರೆಹೊರೆ. ನಿಮ್ಮ ಕಂದಾಯ ಗ್ರಾಮದಲ್ಲಿ ಖಾಸಗಿ ಶಾಲೆ ಇದ್ರೆ ನೀವು ಅರ್ಜಿ ಹಾಕಬಹುದು. ಪಕ್ಕದ ಹಳ್ಳಿಯವರು, ಅರ್ಧ ಕಿಲೋಮೀಟರ್ ದೂರದಲ್ಲಿದ್ರೂ, ಆಗಲ್ಲ. ಗಮನಿಸಿ, ಮೊದಲಿಂದಲೂ ಇದು ದೊಡ್ಡ ಊರಿನವರ ಸೌಲಭ್ಯ. ಹತ್ತು ಮನೆ ಇರೋ ಊರಲ್ಲಿ ಯಾರು ಕಾನ್ವೆಂಟ್ ತೆಗೀತಾರೆ? ವಿಶ್ವೇಶ್ವರಯ್ಯ ನಾಲೆಯ ನೀರಿನ ಹಾಗೆ. ಹೆಸರು ಜಿಲ್ಲೆಗೆಲ್ಲ, ಮಳವಳ್ಳಿಯ ಕೊನೆ ಭಾಗದ ರೈತ ಮಾತ್ರ ತೂಬಿನ ಹತ್ತಿರ ಕಾಯ್ತಾ ಕೂತಿರ್ತಾನೆ.

2018ರ ಕೊನೆಗೆ ಸರ್ಕಾರ ಈ ನಿಯಮಕ್ಕೆ ತಿದ್ದುಪಡಿಯ ಕರಡು ತಂತು, 2019ರ ಜನವರಿಯಲ್ಲಿ ಅಂತಿಮ ಆಯ್ತು. ತಿದ್ದುಪಡಿ ಹೇಳಿದ್ದಿಷ್ಟೇ: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ, ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಯನ್ನ ಆರ್‌ಟಿಇ ಪಟ್ಟಿಗೆ ಸೇರಿಸೋ ಹಾಗಿಲ್ಲ. ಈಗ ನೀವೇ ಯೋಚನೆ ಮಾಡಿ. ಸರ್ಕಾರಿ ಶಾಲೆ ಇಲ್ಲದೆ ಖಾಸಗಿ ಶಾಲೆ ಮಾತ್ರ ಇರೋ ಊರು ಕರ್ನಾಟಕದಲ್ಲಿ ಎಷ್ಟು ಸಿಗುತ್ತೆ? ಹೋಬಳಿ ಕೇಂದ್ರದಲ್ಲಿ ಸರ್ಕಾರಿ ಶಾಲೆ ಇದ್ದೇ ಇರುತ್ತೆ. ಅಲ್ಲಿಗೆ ಕಿರುಗಾವಲು ಔಟ್, ಅಕ್ಕನ ಮಗಳೂ ಔಟ್. ರಾಜ್ಯದಲ್ಲಿ ಸುಮಾರು ಒಂದೂವರೆ ಲಕ್ಷ ಇದ್ದ ಸೀಟು ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಆ ಸೀಟುಗಳೂ ಪೂರ್ತಿ ತುಂಬಲಿಲ್ಲ, ಯಾಕಂದ್ರೆ ಪಟ್ಟಿಯಲ್ಲಿ ಉಳಿದ ಶಾಲೆಗಳಲ್ಲಿ ಅನುದಾನಿತ ಶಾಲೆಗಳೇ ಜಾಸ್ತಿ. ಹೇಗೂ ಕಡಿಮೆ ಖರ್ಚಿಗೆ ಸೇರಬಹುದಾದ ಶಾಲೆಗೆ ಲಾಟರಿ ಯಾಕೆ?

ಪೋಷಕರ ಕಡೆಯವರು ಹೈಕೋರ್ಟಿಗೆ ಹೋದ್ರು. 2019ರ ಮೇ ಕೊನೆಗೆ ಕರ್ನಾಟಕ ಹೈಕೋರ್ಟ್ ತಿದ್ದುಪಡಿಯನ್ನ ಎತ್ತಿಹಿಡಿಯಿತು. ತಮಾಷೆ ಏನು ಗೊತ್ತಾ? ಐದು ವರ್ಷ ಆದಮೇಲೆ, 2024ರಲ್ಲಿ, ಮಹಾರಾಷ್ಟ್ರ ಸರ್ಕಾರ ಹೆಚ್ಚುಕಡಿಮೆ ಇದೇ ತಿದ್ದುಪಡಿ ತಂತು. ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನ ರದ್ದು ಮಾಡ್ತು. ಖಾಸಗಿ ಶಾಲೆಗಳ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದ್ರು, ಅಲ್ಲೂ ಆಗಸ್ಟಿನಲ್ಲಿ ಅವರ ಮಾತು ನಡೀಲಿಲ್ಲ. ಕೇಂದ್ರದ ಕಾಯ್ದೆ ಒಂದೇ, ಸೆಕ್ಷನ್ ಒಂದೇ. ಕೊಲ್ಹಾಪುರದ ಮಗುವಿಗೆ ಸೀಟು ಇದೆ, ಇತ್ತ ನಿಪ್ಪಾಣಿಯ ಮಗುವಿಗೆ ಪಕ್ಕದಲ್ಲಿ ಸರ್ಕಾರಿ ಶಾಲೆ ಇದೆಯಲ್ಲ ಅಂತಾರೆ.

ಹಾಗಂತ ಸರ್ಕಾರದ ವಾದ ಪೂರ್ತಿ ಬುರುಡೆ ಅಂತ ನಾನು ಹೇಳಲ್ಲ. ಆ ವಾದ ಹೀಗಿದೆ. ನಮ್ಮದೇ ಶಾಲೆ ಇದೆ, ಮೇಷ್ಟ್ರಿಗೆ ಸಂಬಳ ಕೊಡ್ತಿದ್ದೀವಿ. ಅದೇ ಊರಿನ ಮಗುವನ್ನ ಪಕ್ಕದ ಕಾನ್ವೆಂಟಿಗೆ ಕಳಿಸಿ ಅಲ್ಲಿಗೂ 16,000 ಕೊಡ್ತೀವಿ. ಒಂದೇ ಮಗುವಿಗೆ ಎರಡು ಸಲ ಖರ್ಚು. ಮೇಲಿಂದ ನಮ್ಮ ಶಾಲೆ ಖಾಲಿ. ಕಾಮರ್ಸ್ ಓದಿದವನಾಗಿ ಈ ಲೆಕ್ಕ ನನಗೆ ಅರ್ಥ ಆಗುತ್ತೆ. ಅಕ್ಕನ ಮಗಳ ಶಾಲೆಯ ಮೇಷ್ಟ್ರು ಒಬ್ಬರು ನನಗೆ ಹೇಳಿದ್ರು: "ಆರ್‌ಟಿಇ ಇದ್ದಾಗ ಒಂದನೇ ಕ್ಲಾಸಿಗೆ ಬರ್ತಿದ್ದವರು ಯಾರು ಗೊತ್ತಾ? ಅರ್ಜಿ ಹಾಕೋಕೂ ಬರದೇ ಇದ್ದವರ ಮಕ್ಕಳು." ಆ ಮಾತು ನನಗೆ ಚುಚ್ಚಿತು. ನಮ್ಮಪ್ಪ ಕ್ಯೂ ನಿಲ್ಲಬಲ್ಲವರಾಗಿದ್ರು, ನನಗೆ ಆನ್‌ಲೈನ್ ಫಾರಂ ತುಂಬೋಕೆ ಬರ್ತಿತ್ತು. ಅದಕ್ಕೇ ಅವನಿಗೆ ಸೀಟು ಸಿಕ್ಕಿದ್ದು. ಕೂಲಿಗೆ ವಲಸೆ ಹೋಗೋರ ಮಗುವಿಗೆ ಸಿಗಲಿಲ್ಲ.

ಆದರೆ ಎರಡು ಪ್ರಶ್ನೆ ನನಗೆ ಹಾಗೇ ಉಳೀತವೆ. ಒಂದು, ಆರ್‌ಟಿಇ ದುಡ್ಡು ಉಳೀತಲ್ಲ, ಅದು ಕಿರುಗಾವಲಿನ ಸರ್ಕಾರಿ ಶಾಲೆಗೆ ಬಂತಾ? ಅಕ್ಕನ ಮಗಳಿಗೆ ಅದರಿಂದ ಏನು ಹೆಚ್ಚಾಯ್ತು ಅಂತ ತೋರಿಸೋ ಒಂದು ಸಾಲು ನನಗೆ ಕಾಣಲ್ಲ. ಎರಡು, ಆಯ್ಕೆ ಅನ್ನೋದು ನಿಂತಿತಾ? ಇಲ್ಲ. ದುಡ್ಡಿದ್ದವರು ಆಗಲೂ ಕಾನ್ವೆಂಟಿಗೆ ಹಾಕ್ತಿದ್ರು, ಈಗಲೂ ಹಾಕ್ತಾರೆ. ಬೆಳಿಗ್ಗೆ ಹಳದಿ ವ್ಯಾನುಗಳು ಬನ್ನೂರು ಕಡೆಗೂ ಮಳವಳ್ಳಿ ಕಡೆಗೂ ತುಂಬಿಕೊಂಡೇ ಹೋಗ್ತವೆ. ಆಯ್ಕೆ ನಿಂತಿದ್ದು ಫೀಸು ಕಟ್ಟಲಾಗದವರಿಗೆ ಮಾತ್ರ.

ಇಲ್ಲಿ ಒಂದು ಪಕ್ಕದ ಮಾತು. ದುಡ್ಡು ಮಗುವಿನ ಹಿಂದೆ ಹೋಗಲಿ ಅನ್ನೋ ಯೋಚನೆಗೆ ಪ್ರಪಂಚದಲ್ಲಿ ವೋಚರ್ ಅಂತ ಹೆಸರು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಇದರ ಬಗ್ಗೆ ಬರೆದ್ರು. ಚಿಲಿ ದೇಶ 1981ರಲ್ಲಿ ಇಡೀ ದೇಶಕ್ಕೇ ತಂತು. ವೋಚರ್ ಮೇಲೆ ಶಾಲೆಗಳು ಹೆಚ್ಚುವರಿ ಫೀಸು ತಗೊಳ್ಳೋಕೆ ಬಿಟ್ಟಾಗ ಶ್ರೀಮಂತರ ಮಕ್ಕಳು ಒಂದು ಕಡೆ, ಬಡವರ ಮಕ್ಕಳು ಇನ್ನೊಂದು ಕಡೆ ಆದ್ರು. 2015ರಲ್ಲಿ ಅವರು ಕಾನೂನು ಮಾಡಿ ಆ ಹೆಚ್ಚುವರಿ ಫೀಸನ್ನ ಹಂತಹಂತವಾಗಿ ತೆಗೀಬೇಕಾಯ್ತು.

ನಮಗೆ ಹತ್ತಿರದ ಪ್ರಯೋಗ ಆಂಧ್ರದ್ದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ 2008ರಿಂದ ಅಲ್ಲಿನ 180 ಹಳ್ಳಿಗಳಲ್ಲಿ ಒಂದು ಯೋಜನೆ ಮಾಡ್ತು. ಸರ್ಕಾರಿ ಶಾಲೆ ಮಕ್ಕಳಿಗೆ ಲಾಟರಿ ಎತ್ತಿ ಖಾಸಗಿ ಶಾಲೆಯ ಫೀಸು ಕೊಟ್ರು. ನಾಲ್ಕು ವರ್ಷ ಆದಮೇಲೆ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದ್ರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರ ಈ ಅಧ್ಯಯನ 2015ರಲ್ಲಿ ಪ್ರಕಟವಾಯ್ತು. ಉತ್ತರ ಏನು? ತೆಲುಗು, ಗಣಿತದಲ್ಲಿ ವ್ಯತ್ಯಾಸವೇ ಇಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಮಕ್ಕಳು ತುಂಬಾ ಮುಂದೆ, ಯಾಕಂದ್ರೆ ಸರ್ಕಾರಿ ಶಾಲೆಯಲ್ಲಿ ಹಿಂದಿಗೆ ಸಮಯವೇ ಕಡಿಮೆ. ಅಂದ್ರೆ "ಕಾನ್ವೆಂಟಿಗೆ ಹಾಕಿದ್ರೆ ಲೆಕ್ಕ ಚೆನ್ನಾಗಿ ಬರುತ್ತೆ" ಅನ್ನೋದು ನಿಜ ಅಲ್ಲ. ಆದರೆ ಖಾಸಗಿ ಶಾಲೆಗಳು ಸರ್ಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಲ್ಲಿ ಅಷ್ಟೇ ಕಲಿಸಿದ್ವು. ಅದು ಹೇಗೆ? ಮೇಷ್ಟ್ರಿಗೆ ಕಡಿಮೆ ಸಂಬಳ ಕೊಟ್ಟು. ನಮ್ಮೂರ ಕಾನ್ವೆಂಟಿನಲ್ಲಿ ಪಾಠ ಮಾಡೋ ನನ್ನ ಕ್ಲಾಸ್‌ಮೇಟ್‌ಗಳ ಸಂಬಳ ಕೇಳಿದ್ರೆ ನಿಮಗೆ ಗೊತ್ತಾಗುತ್ತೆ. ಇನ್ನೊಂದು ವಿಷಯ: ಸರ್ಕಾರಿ ಶಾಲೆಯಲ್ಲಿ ಉಳಿದ ಮಕ್ಕಳ ಅಂಕ ಇದರಿಂದ ಬೀಳಲಿಲ್ಲ.

ಮತ್ತೆ ನಮ್ಮ ತಂದೆತಾಯಿ ಕಾನ್ವೆಂಟಿಗೆ ಯಾಕೆ ಮುಗಿಬೀಳ್ತಾರೆ? ಇಂಗ್ಲಿಷಿಗೆ. ಇಲ್ಲೊಂದು ದಿನಾಂಕ ನೆನಪಿಟ್ಟುಕೊಳ್ಳಿ, 2014ರ ಮೇ 6. ಆವತ್ತು ಸುಪ್ರೀಂ ಕೋರ್ಟಿನ ಒಂದೇ ಸಂವಿಧಾನ ಪೀಠ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ, ಖಾಸಗಿ ಶಾಲೆಗಳಿಗೆ 25% ಕಡ್ಡಾಯ ಸರಿ, ಆದರೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸಲ್ಲ ಅಂತು. ಇನ್ನೊಂದು ಕರ್ನಾಟಕದ್ದೇ ಕೇಸು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮ ಆಗಬೇಕು ಅಂತ ಸರ್ಕಾರ ಖಾಸಗಿ ಶಾಲೆಗಳ ಮೇಲೆ ಹೇರೋ ಹಾಗಿಲ್ಲ ಅಂತು. ಆಮೇಲೆ ನಡೆದಿದ್ದು ನಿಮಗೆ ಗೊತ್ತು. ಆರ್‌ಟಿಇ ಬಾಗಿಲು ಮುಚ್ಚಿದ ಅದೇ 2019-20ರಲ್ಲಿ ಸರ್ಕಾರ ತನ್ನದೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರು ಮಾಡ್ತು. ಅದಕ್ಕೂ ಒಂದು ವರ್ಷ ಮೊದಲು ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರೋ ಕರ್ನಾಟಕ ಪಬ್ಲಿಕ್ ಶಾಲೆಗಳನ್ನ ತೆಗೆದಿತ್ತು. ಈಗ ಅವುಗಳ ಸಂಖ್ಯೆ ಹೆಚ್ಚಿಸ್ತಿದ್ದಾರೆ, ಇದರಿಂದ ಸಣ್ಣ ಹಳ್ಳಿಯ ಶಾಲೆಗಳು ಮುಚ್ಚಿಹೋಗ್ತವೆ ಅನ್ನೋ ಭಯವೂ ಇದೆ. ಆ ಭಯದ ಬಗ್ಗೆ ಬೇರೆ ಸಂಚಿಕೆಯೇ ಬೇಕು.

ಈಗ ಅಕ್ಕನ ನೋಟ್‌ಬುಕ್ಕಿಗೆ ವಾಪಸ್ ಬರೋಣ.

ಆರ್‌ಟಿಇ ಎಂಟನೇ ತರಗತಿಗೆ ಮುಗಿಯುತ್ತೆ. ಕಾಯ್ದೆ ಇರೋದೇ ಪ್ರಾಥಮಿಕ ಶಿಕ್ಷಣಕ್ಕೆ. ಒಂಬತ್ತನೇ ತರಗತಿಗೆ ಅದೇ ಶಾಲೆಯಲ್ಲಿ ಮುಂದುವರಿಯಬೇಕು ಅಂದ್ರೆ ಪೂರ್ತಿ ಫೀಸು ಮನೆಯವರೇ ಕಟ್ಟಬೇಕು. ಅಕ್ಕನಿಗೆ ಶಾಲೆಯವರು ಹೇಳಿರೋದು ವರ್ಷಕ್ಕೆ 34,000. ವ್ಯಾನ್, ಪುಸ್ತಕ ಬೇರೆ. ಹತ್ತನೇ ತರಗತಿಗೆ ಇನ್ನೂ ಸ್ವಲ್ಪ ಜಾಸ್ತಿ. ಎರಡು ವರ್ಷಕ್ಕೆ ಒಟ್ಟು 90,000 ದಾಟುತ್ತೆ ಅಂತ ನಾನು ಕೂಡಿಸಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಹತ್ತು ವರ್ಷ "ಫ್ರೀ" ಅಂದುಕೊಂಡಿದ್ದರಲ್ಲಿ ವ್ಯಾನಿಗೆ, ಸಮವಸ್ತ್ರಕ್ಕೆ, "ಚಟುವಟಿಕೆ ಶುಲ್ಕ" ಅಂತ ರಸೀದಿ ಇಲ್ಲದೆ ತಗೊಂಡಿದ್ದಕ್ಕೆ ಎಷ್ಟು ಹೋಗಿದೆ ಅಂತಲೂ ಆ ನೋಟ್‌ಬುಕ್ಕಲ್ಲಿದೆ. ಅದು ಕಡಿಮೆ ಏನಿಲ್ಲ.

ನೆನಪಿಡಿ, ಇದು ನಮ್ಮ ಮನೆಯೊಂದರ ಕಥೆ ಅಲ್ಲ. 2018-19ರಲ್ಲಿ, ಹಳೇ ನಿಯಮದ ಕೊನೇ ವರ್ಷದಲ್ಲಿ, ಆರ್‌ಟಿಇ ಮೂಲಕ ಒಂದನೇ ತರಗತಿಗೆ ಸೇರಿದ ಮಕ್ಕಳೂ ಈ ವರ್ಷವೇ ಎಂಟನೇ ತರಗತಿ. ಆ ವರ್ಷ ಎಲ್‌ಕೆಜಿಗೆ ಸೇರಿದವರು 2027-28ಕ್ಕೆ ಎಂಟನೇ ತರಗತಿಗೆ ಬರ್ತಾರೆ. ಅಂದ್ರೆ ಮುಂದಿನ ಎರಡು ಮೂರು ವರ್ಷ, ದೊಡ್ಡ ಬ್ಯಾಚುಗಳು ಒಂದಾದ ಮೇಲೊಂದು ಇದೇ ಗೋಡೆಗೆ ಬಂದು ನಿಲ್ತವೆ.

ನಿಮ್ಮ ಮನೇಲಿ, ಪಕ್ಕದ ಮನೇಲಿ ಅಂಥ ಮಗು ಇದ್ರೆ ಒಂದೆರಡು ವಿಷಯ. ಒಂಬತ್ತು, ಹತ್ತರ ಫೀಸು ಎಷ್ಟು ಅಂತ ಈಗಲೇ ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಕಟ್ಟಿದ್ದಕ್ಕೆಲ್ಲ ರಸೀದಿ ಕೇಳಿ. ಸರ್ಕಾರಿ ಹೈಸ್ಕೂಲಿಗೆ ಹೋಗೋದಾದ್ರೆ ಅಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಇದೆಯಾ ಅಂತ ಮೇ ತಿಂಗಳಿಗೆ ಮುಂಚೆ ಹೋಗಿ ನೋಡಿ. ಹತ್ತು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗ ಒಮ್ಮೆಲೇ ಕನ್ನಡದಲ್ಲಿ ವಿಜ್ಞಾನ ಬರೆಯೋದು ಸುಲಭ ಅಲ್ಲ, ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಇರುತ್ತೆ. ವರ್ಗಾವಣೆ ಪತ್ರ ಕೊಡೋಕೆ ಬಾಕಿ ಇದೆ ಅಂತ ಸತಾಯಿಸಿದ್ರೆ ಬಿಇಒ ಕಚೇರಿಗೆ ಲಿಖಿತ ದೂರು ಕೊಡಿ.

ಮಗಳ ವಿಷಯ ಬೇರೆ. ಅವಳೀಗ ಐದನೇ ತರಗತಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇರೋದು ಈ ವರ್ಷವೇ. ನಡೆಸೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸಿಇಟಿ ಮಾಡ್ತಾರಲ್ಲ, ಅವರೇ. ಜಿಲ್ಲೆಯ ನವೋದಯ ಶಾಲೆಗೂ ಐದನೇ ತರಗತಿಯಲ್ಲೇ ಪರೀಕ್ಷೆ ಬರೀಬೇಕು. ಅಣ್ಣನಿಗೆ ಈ ಬಾಗಿಲುಗಳು ಇದ್ದವು ಅಂತ ನಮಗೆ ಹೊಳೆಯಲೇ ಇಲ್ಲ, ಕಾನ್ವೆಂಟಲ್ಲಿ ಇದ್ದಾನಲ್ಲ ಅಂತ ಸುಮ್ಮನಿದ್ವಿ. ಅವಳಿಗೆ ಅರ್ಜಿ ಹಾಕಬೇಕು ಅಂತ ನೆನಪು ಮಾಡಿದ್ದು ಅವಳ ಸರ್ಕಾರಿ ಶಾಲೆಯ ಟೀಚರ್. ಈಗ ದಿನಾ ಸಂಜೆ ಅಲ್ಲೇ ಉಳಿಸಿಕೊಂಡು ಲೆಕ್ಕ ಹೇಳಿಕೊಡ್ತಿದ್ದಾರೆ, ದುಡ್ಡು ತಗೊಳ್ದೆ.

ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಅಕ್ಕನ್ನ ಕೇಳಿದೆ, ಏನು ಮಾಡ್ತೀಯ ಅಂತ. ಭಾವ ಎರಡು ಬಂಡೂರು ಕುರಿ ಮಾರಿ ಒಂಬತ್ತನೇ ತರಗತಿ ಫೀಸು ಕಟ್ಟೋಣ ಅಂತಾರೆ. ಅಕ್ಕ ಆ ಕುರಿ ಮಗಳ ಹೆಸರಿಗೆ ಅಂತ ಇಟ್ಟಿದ್ದು, ಮುಟ್ಟಬೇಡಿ ಅಂತಾಳೆ. ಹುಡುಗ ಮಾತ್ರ ನನ್ನ ಮೈಕ್ ಹತ್ತಿರ ಬಂದು, "ಮಾಮ, ನಾನು ಸರ್ಕಾರಿ ಹೈಸ್ಕೂಲಿಗೇ ಹೋಗ್ತೀನಿ ಅಂತ ಹೇಳು, ನಾನೇ ಹೇಳಿದ್ರೆ ಅಮ್ಮ ಅಳ್ತಾಳೆ" ಅಂದ. ಇನ್ನೂ ಹೇಳಿಲ್ಲ. ಇವತ್ತು ರಾತ್ರಿ ಊಟ ಆದಮೇಲೆ ಹೇಳಬೇಕು.